ಹತ್ತನೇ ರೀಲು

ಶಾರದಾ ಗಂಡನ ಮೂಗಿನ ಕೆಳಗೆ ಕನ್ನಡಿ ಹಿಡಿದು ಬಗ್ಗಿ ನೋಡುತ್ತಿದ್ದಾಗಲೇ ಮೊಮ್ಮಗಳು ನಿಸರ್ಗ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಅಂಗೈಯಗಲದ ಕನ್ನಡಿ ಅದು, ಹಣೆಯ ಕುಂಕುಮ ಸರಿಮಾಡಿಕೊಳ್ಳಲು ಶಾರದಾ ಕೈಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದದ್ದು. ಅದರ ಮೇಲೆ ಆವಿ ಕೂರಲಿಲ್ಲ. ಅವಳು ಕನ್ನಡಿಯನ್ನು ಸೆರಗಿನಲ್ಲಿ ಒರೆಸಿ ಮತ್ತೊಮ್ಮೆ ಹಿಡಿದಳು.

“ಅಜ್ಜಿ, ವಾಟ್ ಆರ್ ಯು ಡೂಯಿಂಗ್?”

“ನಿಮ್ ತಾತ ಹೇಳಿದ್ರು, ಒಂದ್ಸಲ ಹಿಡಿದು ನೋಡು ಅಂತ.”

ನಿಸರ್ಗ ನರ್ಸಿಂಗ್ ಓದುತ್ತಿದ್ದಳು. ಸತ್ತವರ ವಿಷಯದಲ್ಲಿ ಅವಳಿಗೆ ಅನುಮಾನಗಳಿರಲಿಲ್ಲ. “ಹಿ ವಾಸ್ ಇನ್ ದ ಫ್ರಿಜ್ ಫಾರ್ ಫೈವ್ ಡೇಸ್, ಅಜ್ಜಿ,” ಎಂದಳು. ಅಂದ ಮೇಲೆ ಅದು ಒರಟಾಯಿತು ಅನ್ನಿಸಿ ಅಜ್ಜಿಯ ಭುಜದ ಮೇಲೆ ಗಲ್ಲವೂರಿ ನಿಂತಳು.

ಆಸ್ಟ್ರೇಲಿಯಾದ ಅಡಿಲೇಡಿನ ಅಂಚಿನ ಸ್ಯಾಲಿಸ್‌ಬರಿಯ ಆ ಶವಾಗಾರದ ಕೋಣೆಯಲ್ಲಿ ಶಿವರುದ್ರಪ್ಪ ಬಿಳಿ ಅಂಗಿ, ಬಿಳಿ ಪಂಚೆಯಲ್ಲಿ ಮರದ ಪೆಟ್ಟಿಗೆಯೊಳಗೆ ಮಲಗಿದ್ದ. ಹಣೆಗೆ ಮೂರು ಬೆರಳಿನ ವಿಭೂತಿ, ಎಡಗೈಯಲ್ಲಿ ಇಷ್ಟಲಿಂಗ. ಲಿಂಗಾಯತರು ಸತ್ತವರನ್ನು ಕೂರಿಸಿ ಹೂಳುತ್ತಾರೆ. ಇಲ್ಲಿನವರು ಕೂರಿಸಲು ಒಪ್ಪಲಿಲ್ಲ. ಪೆಟ್ಟಿಗೆ ಬೇಕೇ ಬೇಕು, ಮಲಗಿಸಲೇಬೇಕು ಎಂದರು. ಹೂಳುವುದಕ್ಕೇನೂ ಅಡ್ಡಿಯಿರಲಿಲ್ಲ. ಮಧ್ಯಾಹ್ನ ಎರಡು ಗಂಟೆಗೆ ಎಂದು ಗೊತ್ತಾಗಿತ್ತು. ಈಗ ಹನ್ನೊಂದೂವರೆ.

ಕನ್ನಡಿ ಹಿಡಿದು ನೋಡು ಅನ್ನುವುದು ಶಿವರುದ್ರಪ್ಪ ಹೆಂಡತಿಯ ಹತ್ತಿರ ಕೇಳಿದ್ದರಲ್ಲಿ ಎರಡನೆಯದು. ಮೊದಲನೆಯದು, ನನ್ನನ್ನು ಹೂಳಬೇಡ, ಸುಡಿಸು ಅನ್ನುವುದು. ಶಾರದಾ “ಆಯ್ತು” ಅಂದಿದ್ದಳು. ಐದು ದಿನದ ಹಿಂದೆ ಆಸ್ಪತ್ರೆಯ ಕಾರಿಡಾರಿನಲ್ಲಿ ಮಗ ಅಭಿನಂದನ್ ಕಣ್ಣೊರೆಸಿಕೊಳ್ಳುತ್ತ, “ನಮ್ಮ ಪದ್ಧತಿ ಥರ ಹೂಳೋದೇ ಅಲ್ವಾಮ್ಮ?” ಎಂದು ಕೇಳಿದಾಗಲೂ ಅವಳು “ಆಯ್ತು” ಎಂದೇ ಅಂದಿದ್ದಳು. ಅವಳ ಬಾಯಲ್ಲಿ ಆ ಮಾತು ಎಲ್ಲರಿಗೂ ಸಿಗುತ್ತಿತ್ತು. ಗಂಡನಿಗೆ ಕೊಟ್ಟದ್ದನ್ನು ಅವಳು ಗಟ್ಟಿ ಮಾತೆಂದು ಎಣಿಸಿರಲೇ ಇಲ್ಲ, ಏಕೆಂದರೆ ಅವನ ಭಯಕ್ಕೆ ಕಾರಣವಾದದ್ದು ಒಂದು ಸಿನಿಮಾ, ಮತ್ತು ಆ ಸಿನಿಮಾವನ್ನು ಅವಳೂ ನೋಡಿದ್ದಳು.

*

ಐವತ್ತೊಂದು ವರ್ಷದ ಹಿಂದೆ, ತುಮಕೂರಿನ ಒಂದು ಟಾಕೀಸಿನಲ್ಲಿ, ಶುಕ್ರವಾರದ ಮಾರ್ನಿಂಗ್ ಶೋ. ಹೆಣ್ಣು ನೋಡುವ ಶಾಸ್ತ್ರ ಇನ್ನೂ ಆಗಿರಲಿಲ್ಲ. ಹುಡುಗ ಟಾಕೀಸಿನಲ್ಲಿ ಆಪರೇಟರು ಎಂದು ತಿಳಿದು ಮನೆಯವರು ಮೂಗು ಮುರಿದಿದ್ದರು. ಶಾರದಾಳ ಅಣ್ಣನೊಬ್ಬನೇ, “ಮೊದಲು ಹುಡುಗನ ಕೆಲಸ ನೋಡ್ಲಿ, ಆಮೇಲೆ ಹುಡುಗನ್ನ ನೋಡ್ಲಿ” ಎಂದು ತಂಗಿಯನ್ನು ಕರೆದುಕೊಂಡು ಬಂದು ಬಾಲ್ಕನಿಯ ಕೊನೆಯ ಸಾಲಿನಲ್ಲಿ ಕೂರಿಸಿದ. ತಲೆಯ ಮೇಲೆಯೇ ಯಂತ್ರದ ಕೋಣೆಯ ಕಿಂಡಿ. ಅವಳು ಎರಡು ಸಲ ತಿರುಗಿ ನೋಡಿದಳು. ಎರಡೂ ಸಲ ಕಿಂಡಿಯಲ್ಲಿ ಎರಡು ಕಣ್ಣುಗಳಿದ್ದವು.

ಹಾಲಿವುಡ್ಡಿನ ಹಳೆಯ ಕಪ್ಪುಬಿಳುಪು ಚಿತ್ರ, ನೂರು ವರ್ಷ ಹಿಂದಿನ ಯಾವುದೋ ಭಯಾನಕ ಕತೆಯಿಂದ ಮಾಡಿದ್ದಂತೆ. ಇಂಗ್ಲಿಷು ಅರ್ಥವಾಗದಿದ್ದರೂ ಕತೆ ಅರ್ಥವಾಗುತ್ತಿತ್ತು. ಕೋಟೆಯಂಥ ಮನೆ, ಹೊಸದಾಗಿ ಮದುವೆಯಾದ ಹೆಣ್ಣು. ಅವಳಿಗೊಂದು ಕಾಯಿಲೆ, ಬಿದ್ದರೆ ಸತ್ತಂತೆಯೇ ಬೀಳುತ್ತಾಳೆ. ಒಂದು ದಿನ ಬಿದ್ದಳು. ಪೆಟ್ಟಿಗೆಯಲ್ಲಿಟ್ಟು ಮಣ್ಣಿಗೆ ಇಳಿಸಿದರು. ಮಣ್ಣಿನಡಿ ಕಣ್ಣು ಬಿಟ್ಟಳು. ಬಡಿದಳು, ಕೆರೆದಳು, ಕಿರುಚಿದಳು. ಶಾರದಾ ಅಣ್ಣನ ತೋಳು ಹಿಡಿದು ಕಣ್ಣು ಮುಚ್ಚಿಕೊಂಡಳು. ಕಣ್ಣು ಬಿಟ್ಟಾಗ ಆ ಹೆಂಗಸು ಬಿಳಿ ನಿಲುವಂಗಿಯಲ್ಲಿ, ದೀಪ ಹಿಡಿದು, ಮನೆಯ ಮೆಟ್ಟಿಲು ಇಳಿದು ಬರುತ್ತಿದ್ದಳು. ಗಂಡ ಓಡಿಹೋಗಿ ತಬ್ಬಿಕೊಂಡ. ಇಬ್ಬರೂ ಊಟಕ್ಕೆ ಕುಳಿತರು. ಅವನು ಅವಳ ಕೈಮೇಲೆ ಕೈ ಇಟ್ಟ. ಟಾಕೀಸಿನಲ್ಲಿ ದೀಪ ಹತ್ತಿತು, ಜನ ಸಿಳ್ಳೆ ಹೊಡೆದರು. ಮೇಲೆ ಯಾರೋ ಕೇಳಿಸಿಕೊಂಡರು, ಅಗೆದು ತೆಗೆದರು ಎಂದು ಶಾರದಾ ತಾನೇ ತಿಳಿದುಕೊಂಡಳು.

ಹುಡುಗ ಕೈಯ ಮಸಿ ಒರೆಸಿಕೊಳ್ಳುತ್ತ ಕೆಳಗೆ ಬಂದ. ಮುಖ ಬಿಳಿಚಿಕೊಂಡಿತ್ತು. “ಪಿಕ್ಚರ್ ಹೆಂಗಿತ್ತು?” ಎಂದು ಕೇಳಿದ.

“ಪೆಟ್ಟಿಗೇಲಿ ಹಾಕಿದಾಗ ನನ್ ಜೀವಾನೇ ಹೋಗಿತ್ತು. ಕೊನೇಗೆ ಎದ್ದು ಬಂದ್ಲಲ್ಲ, ಅಷ್ಟು ಸಾಕು,” ಎಂದಳು ಶಾರದಾ.

ಅವನು ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಹುಡುಗನಿಗೆ ಮಾತು ಕಡಿಮೆ, ಒಳ್ಳೆಯದೇ ಆಯಿತು ಎಂದುಕೊಂಡು ಅವಳು ಮನೆಗೆ ಹೋಗಿ ಒಪ್ಪಿಗೆ ಹೇಳಿದಳು.

ಆಮೇಲಿನದು ಸಾಧಾರಣ ಸಂಸಾರ. ಶಿವರುದ್ರಪ್ಪ ಇಪ್ಪತ್ತೆಂಟು ವರ್ಷ ಯಂತ್ರ ತಿರುಗಿಸಿದ. ಟಾಕೀಸು ಒಡೆದು ಮದುವೆ ಛತ್ರ ಮಾಡಿದಾಗ ಅಲ್ಲೇ ಜನರೇಟರು ನೋಡಿಕೊಳ್ಳುವ ಕೆಲಸಕ್ಕೆ ನಿಂತ. ಮಗ ಎಂಜಿನಿಯರಾಗಿ ಅಡಿಲೇಡಿಗೆ ಬಂದ, ಮಗಳು ಗೌತಮಿ ಪರ್ತ್‌ಗೆ. ಅವರ ಹಿಂದೆಯೇ ಗಂಡಹೆಂಡತಿಯೂ ಬಂದರು. ಸ್ಯಾಲಿಸ್‌ಬರಿಯ ಮನೆಯಲ್ಲಿ ಕೆಟ್ಟ ಫ್ಯಾನು, ಟೋಸ್ಟರು ಎಲ್ಲಕ್ಕೂ ಅವನೇ ವೈದ್ಯ. ಜಗಳವಾಡದ, ಸಾಲ ಕೇಳದ ಮನುಷ್ಯನ ಬಗ್ಗೆ ಹೇಳಲು ಜನರಿಗೆ ಹೆಚ್ಚೇನೂ ಇರುವುದಿಲ್ಲ.

ಒಂದೇ ಒಂದು ಸಲ ಅವನು ವಿಚಿತ್ರವಾಗಿ ನಡೆದುಕೊಂಡಿದ್ದ. ತಾಯಿಯನ್ನು ತುಮಕೂರಿನಲ್ಲಿ ಸಮಾಧಿ ಮಾಡಿದ ದಿನ ಎಲ್ಲರೂ ಕೈಕಾಲು ತೊಳೆದು ಮನೆಗೆ ಬಂದರೂ ಅವನು ಬರಲಿಲ್ಲ. ಶಾರದಾ ಹುಡುಕಿಕೊಂಡು ಹೋದರೆ, ಮಣ್ಣಿನ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ.

“ಏನ್ ಮಾಡ್ತಿದೀರಿ?”

“ಸುಮ್ನೆ. ಸ್ವಲ್ಪ ಹೊತ್ತು ಇರಾಣ ಅಂತ.” ನಡೆಯುತ್ತ ಬರುವಾಗ ಹೇಳಿದ: “ನನ್ನ ಹೂಳಬೇಡ ಕಣೆ. ಸುಡಿಸ್ಬಿಡು.”

“ಛೀ. ನಾವೇನು ಸುಡೋ ಜನಾನಾ?”

“ಆ ಪಿಕ್ಚರ್ ನೆನಪೈತಾ? ಪೆಟ್ಟಿಗೇದು.”

“ಅವಳೇ ಎದ್ದು ಬಂದ್ಲಲ್ರೀ. ನೀವೂ ಬಡೀರಿ, ನಾನು ಕೇಳಿಸ್ಕೋತೀನಿ. ಅಗೆದು ಕರ್ಕೊಂಡು ಬರ್ತೀನಿ, ಬಿಡಿ,” ಎಂದು ಶಾರದಾ ನಕ್ಕಳು. ಅವನು ಅವಳನ್ನೇ ನೋಡಿದ. ಟಾಕೀಸಿನ ಮೆಟ್ಟಿಲ ಕೆಳಗೆ ಬಾಯಿ ಮುಚ್ಚಿಕೊಂಡ ಹಾಗೆಯೇ ಅವತ್ತೂ ಮುಚ್ಚಿಕೊಂಡ.

ಕೊನೆಯ ಎರಡು ವರ್ಷ ಮರೆವು ಬಂತು. ಮಗನ ಹೆಸರು ಹೋಯಿತು, ಊರು ಹೋಯಿತು, ಆ ಮಾತು ಮಾತ್ರ ಹೋಗಲಿಲ್ಲ. ಅನ್ನ ಕಲಸುವಾಗ, ಸ್ನಾನಕ್ಕೆ ಕರೆದಾಗ, ಅವಳ ಕೈ ಹಿಡಿದು “ಹೂಳಬೇಡ” ಎನ್ನುತ್ತಿದ್ದ. ಅವಳು ಮಗುವಿಗೆ ಹೇಳುವಂತೆ “ಆಯ್ತು, ಆಯ್ತು” ಎನ್ನುತ್ತಿದ್ದಳು.

*

ಹನ್ನೆರಡೂವರೆಗೆ ಶವಾಗಾರದ ಪಕ್ಕದ ಕೋಣೆಯಲ್ಲಿ ನಲವತ್ತು ಜನ ಸೇರಿದ್ದರು. ಕಾಗದದ ಲೋಟದಲ್ಲಿ ಚಹಾ, ತಟ್ಟೆಯಲ್ಲಿ ಬಿಸ್ಕತ್ತು. ಪರ್ತ್‌ನ ವಿಲೆಟನ್ನಿನಿಂದ ಹಿಂದಿನ ದಿನವೇ ಬಂದಿದ್ದ ಗೌತಮಿ ಅತ್ತು ಅತ್ತು ಸುಸ್ತಾಗಿ ಸುಮ್ಮನೆ ಕೂತಿದ್ದಳು. ವಿಧಿ ನಡೆಸಲು ಬಂದಿದ್ದ ವಸಂತಕುಮಾರ್ ಜಂಗಮರ ಮನೆಯವನು. ವಾರದ ದಿನಗಳಲ್ಲಿ ಕಂಪ್ಯೂಟರ್ ಕೆಲಸ, ಶನಿವಾರ ಭಾನುವಾರ ಊರಿನವರ ಹುಟ್ಟು ಸಾವು. ಅವನು ತನ್ನ ಹಿತ್ತಿಲ ಕುಂಡದಲ್ಲಿ ಬೆಳೆಸಿದ ಬಿಲ್ವಪತ್ರೆಯನ್ನು ಒಂದೊಂದಾಗಿ ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದ.

ಬ್ರಿಸ್ಬೇನಿನ ಸ್ಪ್ರಿಂಗ್‌ಫೀಲ್ಡ್ ಲೇಕ್ಸ್‌ನಿಂದ ದೇವರಾಜ ಬಂದಿದ್ದ. ತುಮಕೂರಿನ ಟಾಕೀಸಿನಲ್ಲಿ ಶಿವರುದ್ರಪ್ಪನ ಜೊತೆ ಎರಡನೇ ಆಪರೇಟರಾಗಿದ್ದವನು, ಈಗ ಮಗನ ಮನೆಯಲ್ಲಿದ್ದಾನೆ. ಎಪ್ಪತ್ತು ದಾಟಿದ ಮನುಷ್ಯ ಬೆಳಗಿನ ಮೊದಲ ರೈಲು ಹಿಡಿದು, ವಿಮಾನ ಹತ್ತಿ, ಹಸಿದುಕೊಂಡೇ ಬಂದಿದ್ದ. ಎರಡು ಬಿಸ್ಕತ್ತು ಹೊಟ್ಟೆಗೆ ಬಿದ್ದ ಮೇಲೆ ಅವನಿಗೆ ಮಾತು ಬಂತು. ಸಾವಿನ ಮನೆಯಲ್ಲಿ ಇಂಥವನೊಬ್ಬ ಇದ್ದರೆ ಜನಕ್ಕೂ ಹಗುರ.

“ಇಪ್ಪತ್ತೆಂಟು ವರ್ಷದಲ್ಲಿ ಶಿವರುದ್ರಣ್ಣ ತಪ್ಪು ಮಾಡಿದ್ದು ಒಂದೇ ಸಲ,” ಎಂದ. “ಅವತ್ತು ಅತ್ತಿಗೇನೂ ಇದ್ರು, ಬಾಲ್ಕನೀಲಿ. ಅಲ್ವಾ ಅತ್ತಿಗೆ? ಆ ದೆವ್ವದಂಥ ಪಿಕ್ಚರ್ರು.”

ಶಾರದಾ ತಲೆಯಾಡಿಸಿದಳು.

“ಹತ್ತು ರೀಲಿನ ಪಿಕ್ಚರ್ ಅದು. ಫಸ್ಟ್ ಡೇ, ಫಸ್ಟ್ ಶೋ. ನಾವ್ಯಾರೂ ನೋಡಿರ್ಲಿಲ್ಲ. ಇವನು ಕಿಂಡಿ ಬಿಟ್ಟು ಬಂದ್ರೆ ತಾನೇ? ಅತ್ತಿಗೇನೇ ನೋಡ್ತಾ ನಿಂತ್ಬಿಟ್ಟಿದಾನೆ. ಎಂಟನೇ ರೀಲ್ ಮುಗೀತಾ ಬಂತು. ಡಬ್ಬಿ ಮೇಲಿನ ನಂಬರ್ ನೋಡ್ದೆ ಒಂಬತ್ತರ ಬದ್ಲು ಹತ್ತನೇದು ಹಾಕ್ಬಿಟ್ಟ. ನಾನು ರಿವೈಂಡ್ ಮಾಡ್ತಿದ್ದೆ. ತಿರುಗಿ ನೋಡೋಷ್ಟೊತ್ತಿಗೆ ಆ ಯಮ್ಮ ಪೆಟ್ಟಿಗೆ ಒಳಗೆ.”

ಯಾರೋ ನಕ್ಕರು. ಗೌತಮಿಯೂ ಮುಖವೆತ್ತಿದಳು.

“ನಿಲ್ಸೋಕಾಗುತ್ತಾ? ಜನ ಕುರ್ಚಿ ಮುರೀತಾರೆ. ಹತ್ತು ಓಡಿಸಿ ಆಮೇಲೆ ಒಂಬತ್ತು ಹಾಕಿದ್ವಿ. ಹತ್ತರ ಕೊನೇಲಿ ದಿ ಎಂಡ್ ಅಂತ ಬರುತ್ತಲ್ಲ, ಅದು ಬರೋ ಟೈಮಿಗೆ ಲೆನ್ಸ್ ಮುಂದೆ ಅಂಗೈ ಅಡ್ಡ ಇಟ್ಟ ನೋಡಿ. ಹೂತಿದ್ದೋಳು ಮೆಟ್ಲಿಳಿದು ಬಂದು ಊಟಕ್ಕೆ ಕೂತ್ಲು. ತುಮಕೂರು ಜನ ಸಿಳ್ಳೆ ಹೊಡೆದಿದ್ದೇ ಹೊಡೆದಿದ್ದು. ಅತ್ತಿಗೆಗೆ ಮಾತ್ರ ಹೇಳಬೇಡ ಅಂತ ನನ್ ಹತ್ರ ಆಣೆ ಮಾಡಿಸ್ಕೊಂಡಿದ್ದ. ‘ಅವಳಿಗೆ ಆ ಕೊನೆ ಹಿಡಿಸಿದೆ ಕಣೋ’ ಅಂದ.”

ಕೋಣೆ ತುಂಬ ನಗು ಹರಡಿತು. ಗೌತಮಿ ನಗುತ್ತಲೇ ಕಣ್ಣೊರೆಸಿಕೊಂಡಳು. ನಗು ತಗ್ಗಿದ ಮೇಲೆ ಶಾರದಾ ಕೇಳಿದಳು: “ಹಂಗಾದ್ರೆ ಅವಳು ಎದ್ದು ಬರ್ಲಿಲ್ವಾ?”

“ಬಂದ್ಲು ಅತ್ತಿಗೆ. ಅದು ಮೊದಲ್ನೇ ಸಲ ಬಿದ್ದಾಗ. ಹೂಳೋಕೆ ಮುಂಚೇನೇ ಎದ್ಲು. ಎರಡನೇ ಸಲಾನೇ ಹೂಳೋದು.”

“ಆಮೇಲೆ?”

ದೇವರಾಜನಿಗೆ ಈಗ ತಾನು ಎಲ್ಲಿ ಕಾಲಿಟ್ಟೆ ಎಂದು ತಿಳಿಯತೊಡಗಿತು. ಲೋಟ ಕೆಳಗಿಟ್ಟ. “ಆಮೇಲೆ ಏನಿಲ್ಲ. ಒಳಗಿಂದ ಬಡೀತಾಳೆ. ಮೇಲೆ ಎಲ್ರೂ ಹೊರಟುಹೋಗಿರ್ತಾರೆ. ಯಾರಿಗೂ ಕೇಳಲ್ಲ. ಅಷ್ಟೇ.”

“ನಿಮ್ಮಣ್ಣ ಅದನ್ನ ನೋಡಿದ್ರಾ?”

“ಉಳಿದ ಆರು ದಿನ ಸರಿಯಾಗೇ ಹಾಕಿದ್ವಲ್ಲ. ಎರಡು ದಿನ ನೋಡ್ದ. ಆಮೇಲೆ ಹತ್ತನೇ ರೀಲ್ ಬಂದ್ರೆ ನನ್ನ ನಿಲ್ಲಿಸಿ ಹೊರಗೆ ಹೋಗ್ಬಿಡ್ತಿದ್ದ. ಹೋಗ್ಲಿ ಬಿಡಿ ಅತ್ತಿಗೆ, ಯಾವ ಕಾಲದ್ದೋ.”

ಗಂಡನ ಭಯ ತಿಳಿಗೇಡಿತನವಾಗಿರಲಿಲ್ಲ ಎಂದು ಶಾರದಾಳಿಗೆ ಈಗ ತಿಳಿಯಿತು. ಅದನ್ನು ಅವಳಿಗೆ ಅರ್ಥ ಮಾಡಿಸಬೇಕಾದರೆ ಅವಳು ಐವತ್ತು ವರ್ಷ ಮೆಚ್ಚಿಕೊಂಡಿದ್ದ ಕೊನೆಯನ್ನು ಅವನು ಕೆಡಿಸಬೇಕಾಗಿತ್ತು. ಅದೊಂದನ್ನು ಅವನು ಮಾಡಲಿಲ್ಲ. ಮಾಡದೆ ಇದ್ದುದಕ್ಕೆ ಅವಳು ಅವನನ್ನು ನೋಡಿ ನಕ್ಕಿದ್ದಳು.

*

ಅಭಿನಂದನ್ ಹೊರಗೆ ಕಾರು ನಿಲ್ಲಿಸುವ ಜಾಗದಲ್ಲಿ ಫೋನಿನಲ್ಲಿದ್ದ. ಅವಳು ಅವನ ತೋಳು ಹಿಡಿದಳು.

“ಅಭಿ, ಹೂಳೋದು ಬೇಡಪ್ಪ. ಸುಡಿಸೋಣ.”

ಅವನು ಫೋನು ಇಳಿಸಿದ. “ಅಮ್ಮ, ಒಂದು ಗಂಟೆ ಆಯ್ತು.”

“ನಿಮ್ಮಪ್ಪ ಕೇಳಿದ್ರು. ನಾನು ಆಯ್ತು ಅಂದಿದ್ದೆ.”

“ಯಾವಾಗ ಕೇಳಿದ್ರು? ಈ ಎರಡು ವರ್ಷದಲ್ಲಾ? ಅಪ್ಪ ನನ್ನನ್ನೇ ಯಾರು ನೀನು ಅಂತ ಕೇಳ್ತಿದ್ರು ಕಣಮ್ಮ. ದಿನಾ ಕೇಳ್ತಿದ್ರು.” ಅವನು ತಿರುಗಿ ನಿಂತು ಕಣ್ಣೊರೆಸಿಕೊಂಡ. “ಗುಂಡಿ ತೋಡಿ ಆಗಿದೆ. ದೊಡ್ಡಪ್ಪ ತುಮಕೂರಲ್ಲಿ ವಿಡಿಯೋ ಮುಂದೆ ಕೂತಿದಾರೆ. ಹೂಳೋದಾ ಅಂತ ನಾನು ಕೇಳಿದಾಗ ನೀನೇ ಹೂಂ ಅಂದೆ.”

“ಅಂದೆ. ಅದು ತಪ್ಪು.”

ಮಗ ಕೆಟ್ಟವನಲ್ಲ. ಅವನು ತಾಯಿಯ ಮುಖವನ್ನು ನೋಡಿದ, ಕೈಯಿಂದ ಹಣೆ ಉಜ್ಜಿಕೊಂಡ, ಫೋನು ಮಾಡಿ ವಿಚಾರಿಸಿದ. “ಸರಿ. ಸುಡೋ ಕಡೆ ಮುಂದಿನ ಗುರುವಾರದವರೆಗೆ ಟೈಮ್ ಇಲ್ಲವಂತೆ, ಅಲ್ಲೀವರೆಗೆ ಅಪ್ಪನ್ನ ವಾಪಸ್ ಒಳಗಿಡಬೇಕು. ಇಡೋಣ. ಆದ್ರೆ ನಾನು ಹೇಳಲ್ಲ. ಒಳಗೆ ಬಂದು ಎಲ್ಲರ ಮುಂದೆ ನೀನು ಒಂದು ಮಾತು ಹೇಳು. ಹೇಳಿದ ತಕ್ಷಣ ನಿಲ್ಲಿಸ್ತೀನಿ.”

ಅವಳು ಒಳಗೆ ಹೋದಳು. ನಲವತ್ತು ಜನ ಎದ್ದು ನಿಂತಿದ್ದರು, ಕೆಲಸಕ್ಕೆ ರಜೆ ಹಾಕಿ ಬಂದವರು, ಕೈಯಲ್ಲಿ ಹೂವು. ನಿಸರ್ಗಳ ಕೈಯ ಫೋನಿನಲ್ಲಿ ಭಾವನವರ ಬೋಳು ತಲೆ, ಅವರ ಹಿಂದೆ ಮನೆ ತುಂಬ ನೆಂಟರು. ವಸಂತಕುಮಾರ್ ಪತ್ರೆಯ ತಟ್ಟೆ ಹಿಡಿದು ಅವಳ ಹತ್ತಿರ ಬಂದ.

“ಏನಾದ್ರೂ ಹೇಳೋದಿತ್ತಾ ಅಮ್ಮ?”

ಮಗ ಬಾಗಿಲಲ್ಲಿ ಕಾಯುತ್ತಿದ್ದ. ನಿಜವಾಗಿಯೂ ಕಾಯುತ್ತಿದ್ದ. ಹೇಳಬೇಕಾದ ಮಾತು ಶಾರದಾಳ ಗಂಟಲವರೆಗೆ ಬಂದಿತ್ತು. ನಮ್ಮ ಜನ ಸುಡುವುದಿಲ್ಲ ಎಂದು ಯಾರೂ ಅನ್ನುತ್ತಿರಲಿಲ್ಲವೇನೋ. ಅಂದರೂ ಏನಾಗುತ್ತಿತ್ತು? ಆದರೆ ಅಷ್ಟು ಮುಖಗಳು ತನ್ನ ಕಡೆ ತಿರುಗಿದಾಗ ಅವಳ ನಾಲಿಗೆ ಎಪ್ಪತ್ತೊಂದು ವರ್ಷದ ರೂಢಿಯಂತೆ ತಾನಾಗಿ ಹೊರಳಿತು.

“ಹೊತ್ತಾಯ್ತು, ಹೊರಡೋಣ ಬುದ್ಧಿ,” ಎಂದಳು.

ಪೆಟ್ಟಿಗೆಯ ಮುಚ್ಚಳ ಹಾಕುವ ಮುಂಚೆ ಅವಳು ಇನ್ನೊಮ್ಮೆ ಕನ್ನಡಿ ಹಿಡಿದಳು. ಈ ಸಲ ಎಲ್ಲರೂ ನೋಡಿದರು. 

*

ಸ್ಮಶಾನದಲ್ಲಿ ಮರಗಳು ಕಡಿಮೆ. ಬಿಸಿಗಾಳಿ ಬೀಸುತ್ತಿತ್ತು. ಹತ್ತಿರದ ವಾಯುನೆಲೆಯ ವಿಮಾನವೊಂದು ತಗ್ಗಿನಲ್ಲಿ ಹಾದುಹೋದಾಗ ವಸಂತಕುಮಾರನ ಮಂತ್ರ ಯಾರಿಗೂ ಕೇಳಲಿಲ್ಲ. ಅವನು ನಿಲ್ಲಿಸಿ, ಶಬ್ದ ಹೋದ ಮೇಲೆ ಮತ್ತೆ ಮೊದಲಿನಿಂದ ಹೇಳಿದ. ಪೆಟ್ಟಿಗೆ ಪಟ್ಟಿಗಳ ಮೇಲೆ ನಿಧಾನವಾಗಿ ಇಳಿಯಿತು. ವಿಭೂತಿ ಹಾಕಿದರು, ಪತ್ರೆ ಹಾಕಿದರು, ಒಬ್ಬೊಬ್ಬರೂ ಮೂರು ಹಿಡಿ ಮಣ್ಣು ಹಾಕಿದರು. ಆಮೇಲೆ ಜೆಸಿಬಿಯ ಮರಿಯಂಥ ಹಳದಿ ಯಂತ್ರ ಬಂದು ಉಳಿದ ಮಣ್ಣನ್ನೆಲ್ಲ ಕಾಲು ಗಂಟೆಯಲ್ಲಿ ತಳ್ಳಿತು.

ಗುಂಡಿ ನೆಲದ ಮಟ್ಟಕ್ಕೆ ಬಂದ ಮೇಲೆ ಜನ ಕಾರುಗಳ ಕಡೆ ಹೊರಟರು. ಮನೆಯಲ್ಲಿ ಅನ್ನ ಸಾರು ಕಾಯುತ್ತಿತ್ತು. ಗೌತಮಿ ತಾಯಿಯ ಬೆನ್ನ ಮೇಲೆ ಕೈ ಇಟ್ಟು, “ಬಾಮ್ಮ, ಬಿಸಿಲು,” ಎಂದಳು. ಯಂತ್ರ ತನ್ನ ಬಕೆಟ್ಟಿನಿಂದ ಮಣ್ಣನ್ನು ತಟ್ಟಿ ಗಟ್ಟಿ ಮಾಡತೊಡಗಿತು. ಧಪ್, ಧಪ್, ಧಪ್. ಒಂದೊಂದು ಏಟೂ ಶಾರದಾಳ ಅಂಗಾಲಿಗೆ ತಾಗುತ್ತಿತ್ತು.

ಶಾರದಾ ಹಿಂದೆ ನೋಡಿದಳು. ಎಲ್ಲರೂ ಹೊರಟುಹೋಗುತ್ತಿದ್ದರು.

“ನಿಸರ್ಗ, ಆ ಮಷೀನ್ ಆಫ್ ಮಾಡೋಕೆ ಹೇಳು.”

“ವಾಟ್? ವೈ, ಅಜ್ಜಿ?”

“ಆಫ್ ಮಾಡೋಕೆ ಹೇಳು ಪುಟ್ಟ. ಅದರ ಸದ್ದಲ್ಲಿ ಕೇಳಿಸಲ್ಲ.”

ಮೊಮ್ಮಗಳು ಅಜ್ಜಿಯ ಮುಖ ನೋಡಿದಳು, ಓಡಿಹೋಗಿ ಕೈ ಬೀಸಿದಳು. ಯಂತ್ರ ನಿಂತಿತು. ಅದನ್ನು ನಡೆಸುತ್ತಿದ್ದ ದಪ್ಪ ಮನುಷ್ಯ ಕೆಳಗಿಳಿದು ಟೋಪಿ ತೆಗೆದು ನಿಂತ. ಶಾರದಾ ಪಕ್ಕದಲ್ಲೇ ಉಳಿದಿದ್ದ ದೇವರಾಜನ ಕೈ ಹಿಡಿದು ಒಂದು ಮಂಡಿ ಊರಿದಳು, ಇನ್ನೊಂದು ಊರಿದಳು. ಹಣೆ ತಗ್ಗಿಸಿದಳು. ನಮಸ್ಕಾರ ಮಾಡುತ್ತಿದ್ದಾಳೆ ಎಂದುಕೊಂಡು ಹಲವರು ಕೈ ಮುಗಿದರು. ಅವಳು ತಲೆಯನ್ನು ಹೊರಳಿಸಿ ಬಲಗಿವಿಯನ್ನು ಮಣ್ಣಿಗೆ ಒತ್ತಿದಳು.

ದೇವರಾಜನಿಗೆ ಮಾತ್ರ ಅರ್ಥವಾಯಿತು. ಅವನು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ.

“ಅಮ್ಮ,” ಎನ್ನುತ್ತ ಅಭಿನಂದನ್ ಓಡಿಬಂದ. ಅವಳು ತಲೆಯೆತ್ತದೆ, ಶ್ ಎಂಬಂತೆ ಒಂದು ಬೆರಳೆತ್ತಿದಳು. ಅವನು ನಿಂತ. ಕಾರುಗಳ ಹತ್ತಿರ ಹೋದವರೂ ನಿಂತರು. ಗಾಳಿಯೂ ಸ್ವಲ್ಪ ತಗ್ಗಿತ್ತು. ನಿಸರ್ಗಳ ಕೈಯ ಫೋನಿನಿಂದ ತುಮಕೂರಿನ ದನಿ ಬಂತು: “ಹಲೋ, ಯಾರೂ ಅಲ್ಲಾಡ್ತಾನೇ ಇಲ್ವಲ್ಲ, ನೆಟ್ ಹೋಯ್ತಾ? ಹಲೋ?” ಅವಳು ಅದನ್ನು ಆರಿಸಿ ಜೇಬಿನಲ್ಲಿಟ್ಟುಕೊಂಡಳು.

ಬಹಳ ಹೊತ್ತಾಯಿತು. ಶಾರದಾ ತಲೆಯೆತ್ತಿದಳು. ಕಿವಿಗೆ, ಕೆನ್ನೆಗೆ ಅಂಟಿದ್ದ ಮಣ್ಣನ್ನು ಸೆರಗಿನಿಂದ ಒರೆಸಿಕೊಂಡಳು. ಆಮೇಲೆ ಒಂದು ಗೇಣು ಆಚೆ ಸರಿದು, ಇನ್ನೊಂದು ಕಿವಿಯನ್ನು ನೆಲಕ್ಕಿಟ್ಟಳು.